ಮುರಿಗೆಪ್ಪನ ಮುಖ

ಗೋರೆಗಾಂವ್, ಮುಂಬಯಿ
ಜಯ ಸಂವತ್ಸರದ ಯುಗಾದಿ, ಭಾನುವಾರ
೪-೪-೧೯೫೪

ನನ್ನ ಪ್ರೀತಿಯ ಪುಟ್ಟಲಕ್ಷ್ಮಿಗೆ,

ನಿನ್ನ ಅತ್ತಿಗೆ ಸರಸ್ವತಿ ಮಾಡುವ ಆಶೀರ್ವಾದ. ಮನೆಯ ಹಿರಿಯರಿಗೆ ನಮಸ್ಕಾರ, ಮಗುವಿಗೆ ಮುತ್ತು. ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕಾದ ಕಡೆ ಬಂದು ಪೆನ್ನು ಕೆಳಗಿಟ್ಟೆ. ಜ್ವರ ಇಲ್ಲ, ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ, ಊಟ ಸೇರುತ್ತಿದೆ. ಅಷ್ಟರ ಮಟ್ಟಿಗೆ ಕ್ಷೇಮ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ನಿಮ್ಮ ದೊಡ್ಡಣ್ಣ, ನನ್ನ ಭಾವ ರಾಮಸ್ವಾಮಿಯವರು ಕೊನೆಗೂ ಮನಸ್ಸು ಗಟ್ಟಿ ಮಾಡಿದ್ದಾರೆ, ನಿಮ್ಮಣ್ಣ ಕಾಣೆಯಾಗಿ ಈ ಮಾಘಕ್ಕೆ ಹನ್ನೆರಡು ವರ್ಷ ತುಂಬಿತು, ವೈಶಾಖದಲ್ಲಿ ದರ್ಭೆಯ ಪ್ರತಿಮೆ ಕಟ್ಟಿ ದಹನ ಮಾಡಿ ಕರ್ಮ ಮುಗಿಸುತ್ತಾರೆ, ಹೆಂಡತಿಯಾದವಳು ಮೈಸೂರಿಗೆ ಬರಲೇಬೇಕು ಎಂದು ಬರೆದಿದ್ದೀಯ. ಕೊನೆಯಲ್ಲಿ, ನೀವು ಹೂಂ ಎಂದರೆ ಮಾತ್ರ ನಾನೂ ಹೂಂ ಅನ್ನುತ್ತೇನೆ ಅತ್ತಿಗೆ, ಎಂದಿದ್ದೀಯ. ಆ ಒಂದು ಸಾಲಿಗೆ ಉತ್ತರ ಬರೆಯಲಾರದೆ ಕಾಗದವನ್ನು ಮಡಿಸಿ ಅಕ್ಕಿ ಡಬ್ಬಿಯ ಕೆಳಗೆ ಇಟ್ಟುಬಿಟ್ಟೆ.

ಇವತ್ತು ಹಬ್ಬ. ನಮ್ಮ ಚಾಳಿನ ಮರಾಠಿ ಮನೆಗಳವರೆಲ್ಲ ಕೋಲಿಗೆ ರೇಷ್ಮೆ ಬಟ್ಟೆ, ಚೊಂಬು ಕಟ್ಟಿ ಗುಡಿ ಏರಿಸಿದ್ದಾರೆ. ಇಂಥ ದಿನ ಇಂಥ ಕಾಗದ ಬರೆಯಬಾರದು ಎಂದು ನನಗೂ ಗೊತ್ತು. ಆದರೆ ಬಿಡುವು ಸಿಕ್ಕಿದ್ದು ಇವತ್ತೇ. ಅಲ್ಲದೆ ಹೋದ ಭಾನುವಾರ ನನ್ನ ಮನೆಗೆ ಇಬ್ಬರು ಹೆಂಗಸರು ಬಂದು ಹೋದರು. ಅವರು ಬಂದು ಹೋದದ್ದನ್ನು ಹೇಳದೆ ನಿನಗೆ ಉತ್ತರ ಕೊಡಲಾರೆ. ಅದನ್ನು ಹೇಳಬೇಕಾದರೆ ಯುದ್ಧದ ಕಾಲದಲ್ಲಿ ನಾನು ಸೈನ್ಯದ ಆ ಕಚೇರಿಯಲ್ಲಿ ಏನು ಮಾಡುತ್ತಿದ್ದೆ ಎಂಬುದನ್ನು ಮೊದಲು ಹೇಳಬೇಕು. ನೀನು ಒಮ್ಮೆ ಕೇಳಿದ್ದೆ. ಅತ್ತೆಯವರು, ಆ ವಿಷಯ ಈ ಮನೆಯಲ್ಲಿ ಬೇಡ ಎಂದು ನಿನ್ನನ್ನು ಗದರಿಸಿ ಕಳಿಸಿದ್ದರು.

ನಿಮ್ಮಣ್ಣ ಮುಂಬಯಿಯ ತಂತಿ ಕಚೇರಿಯಲ್ಲಿದ್ದವರು ಸೈನ್ಯದ ತಂತಿ ವಿಭಾಗಕ್ಕೆ ಸೇರಿ ಮಲಯಾಕ್ಕೆ ಹಡಗು ಹತ್ತಿದ್ದು, ಮರುವರ್ಷ ಮಾಘದಲ್ಲಿ ಸಿಂಗಾಪುರ ಬಿದ್ದದ್ದು, ಕಾಣೆಯಾಗಿದ್ದಾರೆ ಎಂಬ ತಂತಿ ಮೈಸೂರಿನ ಮನೆಗೆ ಬಂದದ್ದು, ಇಷ್ಟು ನಿನಗೆ ನೆನಪಿರಬೇಕು. ಆಗ ನೀನು ಲಂಗ ಉಡುತ್ತಿದ್ದೆ. ಒಂದು ವರ್ಷ ನಾನು ನಿಮ್ಮ ಮನೆಯ ನಡುಮನೆಯಲ್ಲೇ ಇದ್ದೆ. ಟಪಾಲಿನವನ ಸೈಕಲ್ ಗಂಟೆ ಕೇಳಿದರೆ ಅತ್ತೆ ಒಂದು ಬಾಗಿಲಿಂದ, ನಾನು ಒಂದು ಬಾಗಿಲಿಂದ ಹೊರಗೆ ಬರುತ್ತಿದ್ದೆವು. ಅವನು ಏನೂ ಇಲ್ಲ ಎಂದು ತಲೆಯಾಡಿಸಿ ಹೋಗುತ್ತಿದ್ದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಹೋಗುತ್ತಿದ್ದೆವು.

ಮುಂಬಯಿಯಲ್ಲಿದ್ದಾಗ ನಿಮ್ಮಣ್ಣನೇ ಹಟ ಮಾಡಿ ನನಗೆ ಟೈಪಿಂಗ್ ಕಲಿಸಿದ್ದರು. ಸೈನ್ಯದ ಕಚೇರಿಗಳಿಗೆ ಇಂಗ್ಲಿಷೂ ಟೈಪಿಂಗೂ ಬಲ್ಲ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದೆ. ಭಾವನವರು ಸಿಡಿದುಬಿದ್ದರು. ಸೋಲ್ಜರುಗಳ ನಡುವೆ ಕೂತು ಸಂಬಳ ಎಣಿಸುವ ಸೊಸೆ ನಮ್ಮ ವಂಶದಲ್ಲಿ ಇರಲಿಲ್ಲ ಎಂದರು. ನನ್ನನ್ನು ಹೋಗಗೊಟ್ಟವರು ಅತ್ತೆ. "ಹೋಗಲಿ ಬಿಡೋ. ಅವನ ಸುದ್ದಿ ಬಂದರೆ ಮೊದಲು ಅವಳ ಕೈಗೆ ಸಿಗುತ್ತೆ" ಎಂದರು. ನಾನು ಬಾಯಿಬಿಟ್ಟು ಹೇಳದ ಕಾರಣ ಅದೇ ಆಗಿತ್ತು. ದೇಶಕ್ಕಾಗಿ ಅಲ್ಲ, ಸರ್ಕಾರಕ್ಕಾಗಿ ಅಲ್ಲ. ಸುದ್ದಿ ಬರುವ ಬಾಗಿಲಲ್ಲಿ ಹೋಗಿ ಕೂರಬೇಕು ಎಂದು ಹೋದೆ.

ಕಚೇರಿ ಮುಂಬಯಿಯ ಫೋರ್ಟ್ ಪೇಟೆಯ ಒಂದು ಹಳೆಯ ಕಲ್ಲಿನ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ನಮಗೆ ಖಾಕಿ ಸೀರೆ, ಖಾಕಿ ರವಿಕೆ, ಕಾಲಿಗೆ ಬೂಟು. ಮೊದಲ ದಿನ ಆ ವೇಷದಲ್ಲಿ ಚರ್ಚ್‌ಗೇಟಿನಿಂದ ನಡೆದು ಬರುವಾಗ ಬಯಲಲ್ಲಿ ಬಟ್ಟೆಯಿಲ್ಲದೆ ನಡೆದ ಹಾಗಾಯಿತು. ಮಧ್ಯಾಹ್ನ ಉಡುಪಿ ಹೋಟೆಲಿಗೆ ಹೋದರೆ ಕನ್ನಡದ ಗಂಡಸರು ತುತ್ತು ಕೈಯಲ್ಲೇ ಹಿಡಿದು ನೋಡಿದರು. ಒಬ್ಬ ಏನೋ ಅಂದ, ಇನ್ನೊಬ್ಬ ನಕ್ಕ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರು ಕುಂದಾಪುರದ ಕಡೆಯವರು. ಎದ್ದು ಬಂದು, ಒಳಗಿನ ಕೋಣೆಯಲ್ಲಿ ಒಂದು ಮೇಜು ತೋರಿಸಿ, "ಇಲ್ಲಿ ಕೂತ್ಕೊಳ್ಳಿ ಅಮ್ಮ. ಇನ್ನು ದಿನಾ ಇದೇ ನಿಮ್ಮ ಜಾಗ" ಎಂದರು. ಯುದ್ಧ ಮುಗಿಯುವವರೆಗೆ ನಾನು ಅಲ್ಲೇ ಉಂಡೆ.

ಕೆಲಸ ಹೇಳುತ್ತೇನೆ ಕೇಳು. ಎಲ್ಲೆಲ್ಲಿಂದಲೋ ಕಾಗದಗಳು ಬರುತ್ತಿದ್ದವು. ಸಿಪಾಯಿಯ ನಂಬರು, ಹೆಸರು, ತಂದೆಯ ಹೆಸರು, ಊರು. ಅದರ ಮುಂದೆ ಒಂದು ಮಾತು. ಗಾಯಗೊಂಡವನು, ಸೆರೆಸಿಕ್ಕವನು, ಕಾಣೆಯಾದವನು, ಸತ್ತವನು. ಮನೆಯವರಿಗೆ ಇಂಗ್ಲಿಷಿನಲ್ಲಿ ತಂತಿ ಹೋಗುತ್ತಿತ್ತು. ಹಳ್ಳಿಯಲ್ಲಿ ಅದನ್ನು ಓದುವವರು ಯಾರು? ಆದ್ದರಿಂದ ನಮ್ಮ ಕಚೇರಿಯಲ್ಲಿ ಒಂದೊಂದು ಭಾಷೆಗೆ ಒಬ್ಬೊಬ್ಬ ಹೆಂಗಸನ್ನು ಕೂರಿಸಿ, ಆಯಾ ಭಾಷೆಯಲ್ಲಿ ನಾಲ್ಕು ಸಾಲು ಬರೆಸಿ ಜೊತೆಗೆ ಕಳಿಸುತ್ತಿದ್ದರು. ಕನ್ನಡಕ್ಕೆ ನಾನೊಬ್ಬಳೇ. ವಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ, ಯಾವ ಊರಿನ ಸಾವಾದರೂ ನನ್ನ ಕೈಯಿಂದಲೇ ಹೋಗಬೇಕು.

ನಮ್ಮ ಮೇಲಧಿಕಾರಿ ಬಿಳಿಯ ಹೆಂಗಸು, ತಲೆ ನೆರೆತಿತ್ತು. ಕೆಟ್ಟವಳಲ್ಲ. ಕಾಗದದಲ್ಲಿ ಇರುವುದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆಯಕೂಡದು ಎಂಬುದು ಅವಳ ಕಟ್ಟಪ್ಪಣೆ. ಒಮ್ಮೆ ಒಬ್ಬ ತಾಯಿಗೆ, ಧೈರ್ಯ ತಂದುಕೊಳ್ಳಿ ಎಂದು ಬರೆದೆ. ಅವಳು ಅದರ ಅರ್ಥ ಕೇಳಿ ತಿಳಿದುಕೊಂಡು, ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದಳು. ಧೈರ್ಯ ಎಲ್ಲಿಂದ ತರಲಿ ಎಂದು ಆ ತಾಯಿ ತಿರುಗಿ ಕೇಳಿದರೆ ನಿನ್ನ ಹತ್ತಿರ ಉತ್ತರ ಇದೆಯೇ, ಎಂದು ಕೇಳಿದಳು. ಅಂದಿನಿಂದ ಇದ್ದಷ್ಟನ್ನೇ ಬರೆದೆ.

ಪ್ರತಿದಿನ ಬೆಳಿಗ್ಗೆ ಹೊಸ ಕಾಗದಗಳ ಕಟ್ಟು ಮೇಜಿಗೆ ಬಂದ ಕೂಡಲೇ ನಾನು ಮಾಡುತ್ತಿದ್ದದ್ದು ಒಂದೇ. ನನ್ನದೊಂದೇ ಅಲ್ಲ, ಅಕ್ಕಪಕ್ಕದ ಮೇಜಿನವರ ಕಟ್ಟನ್ನೂ ತಿರುವಿ ನಿಮ್ಮಣ್ಣನ ಹೆಸರು ಹುಡುಕುವುದು. ಇಲ್ಲ ಎಂದು ಖಾತ್ರಿಯಾದ ಮೇಲೆ ಎದೆಯೊಳಗೆ ತಣ್ಣಗಾಗುತ್ತಿತ್ತು. ಆ ತಂಪಿನಲ್ಲೇ ಪೆನ್ನು ಹಿಡಿದು ಬೇರೆ ಯಾರದೋ ಮನೆಗೆ ಸಾವು ಬರೆಯುತ್ತಿದ್ದೆ. ಸಾವು ಬರೆಯುವಾಗ ಮನಸ್ಸಿಗೆ ಹಗುರವಾಗಿರುವುದು ಎಂಥ ಪಾಪ ಎಂದು ಯೋಚಿಸುವಷ್ಟು ಪುರುಸೊತ್ತು ಆಗ ಇರಲಿಲ್ಲ.

ನಲವತ್ನಾಲ್ಕರ ಏಪ್ರಿಲಿನಲ್ಲಿ ಹಡಗುಕಟ್ಟೆಯಲ್ಲಿ ಮದ್ದುಗುಂಡಿನ ಹಡಗು ಸಿಡಿಯಿತಲ್ಲ, ಅವತ್ತು ನಮ್ಮ ಕಿಟಕಿಗಳ ಗಾಜೆಲ್ಲ ಪುಡಿಯಾಗಿ ಒಳಗೆ ಬಿತ್ತು. ಜಪಾನಿನವರು ಬಂದರು ಎಂದು ಎಲ್ಲರೂ ಮೆಟ್ಟಿಲಿಳಿದು ಓಡಿದರು. ಹಾಳೆಗಳು ಕೋಣೆಯ ತುಂಬ ಹಾರಾಡುತ್ತಿದ್ದವು. ನಾನು ಓಡಲಿಲ್ಲ. ಗಾಜಿನ ಮೇಲೆ ಮಂಡಿಯೂರಿ ಹಾಳೆಗಳನ್ನು ಒಂದೊಂದಾಗಿ ಆರಿಸಿ ಎದೆಗವಚಿಕೊಂಡೆ. ನಿಮ್ಮಣ್ಣನ ಹೆಸರಿದ್ದ ಹಾಳೆ ಅವುಗಳಲ್ಲಿ ಇದ್ದು, ನಾನು ಓದುವ ಮೊದಲೇ ಕಿಟಕಿಯಿಂದ ಹಾರಿಹೋದರೆ ಏನು ಗತಿ ಎಂಬುದೊಂದೇ ಭಯ. ಮಂಡಿಯ ಕಲೆಗಳನ್ನು ನೋಡಿ ನೀನು, ಎಲ್ಲಿ ಬಿದ್ದಿರಿ ಅತ್ತಿಗೆ, ಎಂದು ಕೇಳಿದ್ದೆ. ಬಸ್ಸಿನಿಂದ ಎಂದು ನಾನು ಹೇಳಿದ್ದೆ.

ಯುದ್ಧ ಮುಗಿದ ಮೇಲೆ ಸೆರೆಯಾಳುಗಳನ್ನು ಹೊತ್ತ ಹಡಗುಗಳು ಬಂದವು. ಇಳಿದು ಬಂದವರ ಹೆಸರು ಗುರುತು ಹಾಕಲು ನಮ್ಮನ್ನು ಹಡಗುಕಟ್ಟೆಗೆ ಕಳಿಸಿದರು. ಪುಟ್ಟಿ, ಅವರು ಮನುಷ್ಯರ ಹಾಗಿರಲಿಲ್ಲ. ಬಿಸಿಲಿನಲ್ಲಿ ನಿಂತು ಒಬ್ಬೊಬ್ಬನನ್ನೂ ತಂತಿ ವಿಭಾಗದ ಶಾಮರಾವ್ ಗೊತ್ತೇ ಎಂದು ಕೇಳಿದೆ. ತಮಿಳಿನವನೊಬ್ಬ ಗೊತ್ತು ಎಂದ. ಸಿಂಗಾಪುರದ ಶಿಬಿರದಲ್ಲಿ ಜೊತೆಗಿದ್ದನಂತೆ. ಆಮೇಲೆ ಕೆಲವರನ್ನು ಯಾವುದೋ ದ್ವೀಪಕ್ಕೆ ಸಾಗಿಸಿದರು, ಅವರಲ್ಲಿ ನಿಮ್ಮಣ್ಣನೂ ಇದ್ದರು, ಅಲ್ಲಿಂದ ಯಾರು ಬಂದದ್ದನ್ನೂ ನಾನು ನೋಡಿಲ್ಲ ಎಂದ. ಇಷ್ಟನ್ನು ನಿಮಗೆಲ್ಲ ಆಗಲೇ ಬರೆದಿದ್ದೆ. ಮರುವರ್ಷ, ಮೃತರಾಗಿದ್ದಾರೆಂದು ಭಾವಿಸಲಾಗಿದೆ ಎಂಬ ಕಾಗದವೂ ಮೈಸೂರಿಗೆ ಬಂತು. ಅತ್ತೆ ಅದನ್ನು ಮುಟ್ಟಲಿಲ್ಲ. ನನ್ನ ಮಗ ಸತ್ತಿದ್ದರೆ ನನಗೆ ತಿಳಿಯದೆ ಇರುತ್ತಿತ್ತೇ ಎಂದರು. ತಾವು ಇರುವವರೆಗೆ ಕರ್ಮದ ಮಾತು ಎತ್ತಗೊಡಲಿಲ್ಲ, ನನ್ನ ಹಣೆಯ ಕುಂಕುಮ ತೆಗೆಯಗೊಡಲಿಲ್ಲ. ಅತ್ತೆಯ ಮನಸ್ಸಿಗಾಗಿ ಸರಸ್ವತಿ ಹಾಗೆ ಇದ್ದಾಳೆ ಎಂದು ಊರೆಲ್ಲ ಹೊಗಳಿತು. ಅತ್ತೆ ಹೋಗಿ ಎರಡು ವರ್ಷವಾಯಿತು. ನಾನು ಈಗಲೂ ಹಾಗೆಯೇ ಇದ್ದೇನೆ. ಇಲ್ಲಿ ಚಾಳಿನವರು ಕೇಳಿದರೆ, ಯಜಮಾನರು ಕೆಲಸದ ಮೇಲೆ ದೂರದ ಊರಿನಲ್ಲಿದ್ದಾರೆ ಎನ್ನುತ್ತೇನೆ. ಈಗ ಕೆಲಸ ಮಾಡುವ ವಿಮಾ ಕಂಪನಿಯಲ್ಲೂ ಅದನ್ನೇ ಹೇಳಿದ್ದೇನೆ.

ಇನ್ನು ಹೋದ ಭಾನುವಾರದ ಮಾತು.

ಹದಿನೈದು ದಿನದ ಹಿಂದೆ ಆಫೀಸಿನಿಂದ ಹೊರಗೆ ಬರುವಾಗ ಧೋತರ ಉಟ್ಟು ಕರಿಟೊಪ್ಪಿಗೆ ಹಾಕಿದ ಒಬ್ಬಾತ ಗೇಟಿನ ಹತ್ತಿರ ಕಾಯುತ್ತಿದ್ದ. ಕೈಮುಗಿದು, "ನೀವು ಮಿಲಿಟರಿ ಆಫೀಸಿನ್ಯಾಗ ಕನ್ನಡದಾಗ ಬರೀತಿದ್ದ ಸರಸ್ವತಿಬಾಯಾರ ಹೌದಲ್ರೀ?" ಎಂದ. ಹೆಸರು ದಾನಪ್ಪ, ಬಟ್ಟೆಯ ಅಂಗಡಿಯಲ್ಲಿ ಕೆಲಸ, ವಿಜಾಪುರದ ಕಡೆಯವನು. ಉಡುಪಿ ಹೋಟೆಲಿನ ಆ ಹಳೆಯ ಯಜಮಾನರನ್ನು ಕೇಳಿ ನನ್ನ ಪತ್ತೆ ಹಚ್ಚಿದ್ದ. ಅವನ ಸೋದರತ್ತೆ ಅಂಬವ್ವ, ತನ್ನ ಸೊಸೆ ಶರಣವ್ವನನ್ನು ಕರೆದುಕೊಂಡು ಊರಿನಿಂದ ಬಂದಿದ್ದಾಳೆ, ನನ್ನನ್ನು ಕಾಣದೆ ವಾಪಸು ಹೋಗುವುದಿಲ್ಲ ಎನ್ನುತ್ತಾಳೆ ಎಂದ.

ಅಂಬವ್ವ ಎಂಬ ಹೆಸರು ಕೇಳಿದ ಕೂಡಲೇ ನೆನಪಾಯಿತು. ಅವಳ ಮಗ ಮುರಿಗೆಪ್ಪ ಸೈನ್ಯದಲ್ಲಿ ರಸ್ತೆ ಮಾಡುವ ಪಡೆಗೆ ಸೇರಿ ಮಲಯಾಕ್ಕೆ ಹೋಗಿದ್ದವನು. ಕಾಣೆಯಾಗಿದ್ದಾನೆ ಎಂದು ಮೊದಲು ಬರೆದವಳೂ ನಾನೇ, ಯುದ್ಧ ಮುಗಿದ ಮೇಲೆ, ಮೃತನೆಂದು ಭಾವಿಸಲಾಗಿದೆ ಎಂದು ಬರೆದವಳೂ ನಾನೇ. ಮೊದಲ ಸಲ ಬರೆದಾಗ ಅವಳು ಊರಿನ ಮಾಸ್ತರರ ಕೈಯಿಂದ ನನ್ನ ಹೆಸರಿಗೇ ಉತ್ತರ ಬರೆಸಿದ್ದಳು. ನಮ್ಮ ಮಾತಿನಲ್ಲಿ ಬರೆದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ, ನನ್ನ ಮಗನನ್ನು ಹುಡುಕಿಕೊಡಿರಿ ಎಂದು. ಅಷ್ಟು ಕಾಗದ ಬರೆದ ನನಗೆ ತಿರುಗಿ ಉತ್ತರ ಬಂದದ್ದು ಅದೊಂದೇ. ನಾನು ಅದಕ್ಕೆ ಉತ್ತರ ಕೊಡುವಂತಿರಲಿಲ್ಲ.

ಭಾನುವಾರ ಬೆಳಿಗ್ಗೆ ಲೋಕಲ್ ಹಿಡಿದು ಬಂದರು. ದಾನಪ್ಪ ಅವರನ್ನು ಬಾಗಿಲ ತನಕ ಬಿಟ್ಟು, ತಾನು ಮೇಲೆ ಬರಲು ಒಪ್ಪದೆ ಕೆಳಗೆ ಹುಣಸೆಮರದ ನೆರಳಿನಲ್ಲಿ ನಿಂತ. ಅಂಬವ್ವ ಕಟ್ಟಿಗೆಯಂಥ ಮುದುಕಿ, ಕೊರಳಲ್ಲಿ ಲಿಂಗ. ಗಂಟಿನಲ್ಲಿ ರೊಟ್ಟಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಂಡು ಬಂದಿದ್ದಳು. ಶರಣವ್ವನಿಗೆ ಇಪ್ಪತ್ತೇಳು ಇಪ್ಪತ್ತೆಂಟು ಇರಬಹುದು. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ. ಬಂದವಳೇ ನನ್ನ ಹಣೆಯನ್ನು ನೋಡಿದಳು. ನಾನು ಅವಳ ಹಣೆಯನ್ನು ನೋಡಿದೆ.

"ಯಜಮಾನ್ರು ಇಲ್ಲೇನ್ರೀ?" ಎಂದಳು ಅಂಬವ್ವ.

"ಕೆಲಸದ ಮೇಲೆ ಊರಿಗೆ ಹೋಗಿದ್ದಾರೆ" ಎಂದೆ.

ಶರಣವ್ವ ಕಾಲು ತೊಳೆಯಲು ಹೊರಗಿನ ನಲ್ಲಿಗೆ ಹೋದಾಗ ಮುದುಕಿ ನನ್ನ ಪಕ್ಕಕ್ಕೆ ಸರಿದಳು. "ಬಾಯಾರ, ಲಗೂನ ಹೇಳತೀನಿ, ಆಕಿ ಬರೂದ್ರಾಗ. ನನ್ನ ಮಗ ಹೋದಾಗ ಈ ಹುಡುಗಿ ಹದಿನಾಲ್ಕರಾಕಿ. ಮನ್ಯಾಗ ನೆಟ್ಟಗ ಆರು ತಿಂಗಳ ಸಂಸಾರ ಮಾಡಲಿಲ್ಲ. ತೌರವರು ಕರದ್ರು, ಹೋಗಲಿಲ್ಲ. ನನ್ನ ಸೇವಾ ಮಾಡಕೋತ ಕುಂತಾಳ. ದಾನಪ್ಪನ ಹೇಣತಿ ಸತ್ತು ಮೂರು ವರ್ಷಾತು. ಅಂವ ಭಾಳ ಚಲೋ ಮನಶ್ಯಾ. ಅಂವಗ ಉಡಿಕಿ ಮಾಡಿಕೊಡತೀನಿ, ಮತ್ತೊಂದು ಲಗ್ನಾ ಆಗು ಅಂದ್ರ ಈಕಿ ಒಲ್ಲೆ ಅಂತಾಳ. ನನ್ನ ಗಂಡ ಸತ್ತಾನಂತ ಯಾರು ಹೇಳ್ಯಾರ, ಬರದಾಕೀ ಬಾಯಿಲೆ ಕೇಳತೀನಿ ಅಂತಾಳ."

ನಾನು ಅಲ್ಲಿ ಇರಲಿಲ್ಲವಮ್ಮ, ಫೋರ್ಟಿನಲ್ಲಿ ಮೇಜಿನ ಮುಂದೆ ಕೂತಿದ್ದೆ, ಬಂದ ಕಾಗದವನ್ನು ಕನ್ನಡದಲ್ಲಿ ಬರೆದವಳು ಅಷ್ಟೇ ಎಂದೆ.

"ನನಗ ಗೊತ್ತೈತ್ರೀ" ಎಂದಳು. "ನನಗ ಗೊತ್ತಿದ್ದು ಆಕಿಗೆ ಬ್ಯಾಡ. ಸತ್ತಾನ ಅಂತ ಗಟ್ಟಿಯಾಗಿ ಹೇಳ್ರಿ. ನಾ ಸಾಯೂದ್ರಾಗ ಆಕೀ ಬಾಳೇವು ಒಂದು ದಂಡಿಗೆ ಹಚ್ಚಿ ಸಾಯತೀನಿ." ಹೆತ್ತ ತಾಯಿ, ಕಣ್ಣಲ್ಲಿ ಒಂದು ಹನಿ ಇಲ್ಲ. ಅಷ್ಟು ದೂರದಿಂದ ತನ್ನ ಮಗನ ಸಾವನ್ನು ಬೇಡಲು ಬಂದಿದ್ದಳು.

ಶರಣವ್ವ ಬಂದು ಗೋಡೆಗೆ ಒರಗದೆ ನೆಟ್ಟಗೆ ಕೂತಳು. ನಾನು ಕಾಫಿ ಮಾಡಲು ಎದ್ದರೆ, ಬೇಡ ಕೂತುಕೊಳ್ಳಿ ಎಂಬಂತೆ ನನ್ನ ಸೆರಗು ಹಿಡಿದಳು.

"ಭಾವಿಸಲಾಗಿದೆ ಅಂತ ಬರದಿದ್ರಿ. ಮಾಸ್ತರು ನಾಕು ಸರ್ತೆ ಓದಿದ್ರು. ಭಾವಿಸಲಾಗಿದ ಅಂದ್ರ ಏನ್ರೀ? ಅದಾರೋ ಇಲ್ಲೋ?"

ಆ ಮಾತನ್ನು ನಾನು ಎಷ್ಟು ಮನೆಗೆ ಬರೆದಿದ್ದೇನೋ ಪುಟ್ಟಿ. ಯಾರೂ ಅದರ ಅರ್ಥ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

"ಇಲ್ಲ" ಎಂದೆ. "ಅವರು ಇಲ್ಲಮ್ಮ. ತೀರಿಕೊಂಡಿದ್ದಾರೆ."

ಅವಳು, ಹಾಗಾದರೆ ಅವತ್ತೇ ಏಕೆ ಹಾಗೆ ಬರೆಯಲಿಲ್ಲ ಎಂದು ಕೇಳಿದಳು. ಕಾಗದದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಬರೆಯುವ ಅಪ್ಪಣೆ ನಮಗಿರಲಿಲ್ಲ, ಆಮೇಲೆ ಕಚೇರಿಯೇ ಮುಚ್ಚಿತು ಎಂದೆ. ಇದು ನಿಜ. ಅವರ ಜೊತೆ ಸೆರೆಯಲ್ಲಿದ್ದವನೊಬ್ಬನನ್ನು ಹಡಗುಕಟ್ಟೆಯಲ್ಲಿ ಕಂಡೆ, ಅವನು ಎಲ್ಲವನ್ನೂ ಹೇಳಿದ ಎಂದೆ. ಇದು ನಿಜವಲ್ಲ. ಅಲ್ಲಿಂದ ಮುಂದೆ ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ.

ಶರಣವ್ವ ತಲೆ ತಗ್ಗಿಸಿ, ಅತ್ತೆಗೆ ಕೇಳಿಸಬಾರದು ಎಂಬಷ್ಟು ಸಣ್ಣ ದನಿಯಲ್ಲಿ, "ನನಗ ಅವರ ಮಾರೀನ ನೆನಪಾಗವಲ್ದ್ರೀ ಬಾಯಾರ, ಮುಖಾನ ಮರತೀನಿ" ಎಂದಳು. "ಅದಕ್ಕ ಅಂಜಿಕಿ. ನಾಳೆ ಬಾಗಲಾಗ ಬಂದು ನಿಂತ್ರ, ಯಾರ್ರೀ ನೀವು ಅಂತ ಕೇಳಬೇಕಾಗತೈತಿ. ಇನ್ನೊಬ್ಬರ ಮನಿ ಸೇರಿ ಹಂಗ ಕೇಳಿದ್ರ ಹ್ಯಾಂಗ್ರೀ? ಆ ಮನಶ್ಯಾ ಅವರು ಹ್ಯಾಂಗಿದ್ರು ಅಂತ ಏನರೆ ಹೇಳಿದ್ನೇನ್ರೀ?"

ಮುರಿಗೆಪ್ಪನನ್ನು ನಾನು ಕಂಡವಳಲ್ಲ. ಅವನ ಫೋಟೋ ನೋಡಿದವಳಲ್ಲ. ನನಗೆ ಗೊತ್ತಿದ್ದದ್ದು ಒಂದು ನಂಬರು, ಒಂದು ಹೆಸರು, ಒಂದು ಊರು. ಏನಾದರೂ ಹೇಳಲೇಬೇಕಿತ್ತು. ನನಗೆ ಗೊತ್ತಿರುವ ಮುಖ ಒಂದೇ ಅಲ್ಲವೇ ಪುಟ್ಟಿ.

ಗುಂಗುರು ಕೂದಲು ಎಂದೆ. ಬಿಸಿಲಿಗೆ ಹೋದರೆ ಮೂಗಿನ ತುದಿ ಮೊದಲು ಕೆಂಪಾಗುತ್ತಿತ್ತಂತೆ ಎಂದೆ. ಎಡಹುಬ್ಬಿನ ನಡುವೆ ಚಿಕ್ಕಂದಿನ ಗಾಯದ ಗೆರೆ. ಮುಂದಿನ ಹಲ್ಲು ಒಂದು ಸೊಟ್ಟ, ಅದಕ್ಕೇ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಸುಮ್ಮನೆ ಕೂತಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ, ಮೊಣಕಾಲ ಮೇಲೆ ಟಕಟಕ ಎಂದು ತಂತಿ ಹೊಡೆದ ಹಾಗೆ ತಟ್ಟುತ್ತಲೇ ಇರುತ್ತಿದ್ದರು. ಹೀಗೆ ಹೇಳುತ್ತಾ ಹೋದೆ. ಶರಣವ್ವ ಕಣ್ಣು ಮುಚ್ಚಿಕೊಂಡು ಒಂದೊಂದಕ್ಕೂ ತಲೆಯಾಡಿಸಿದಳು.

"ಹೌದ್ರೀ" ಎಂದಳು. "ಬೆರಳ ಆಡಸ್ತಿದ್ರು. ಈಗ ನೆನಪಾತ್ರೀ. ನಗೂ ಮುಂದ ಕೈ ಹಿಡೀತಿದ್ರು."

ಅಂಬವ್ವ ನನ್ನನ್ನೇ ನೋಡುತ್ತಿದ್ದಳು.

ಹ್ಯಾಗೆ ಹೋದರು ಎಂದು ಶರಣವ್ವ ಕೇಳಿದಳು. ಅದನ್ನೂ ಹೇಳಿದೆ. ಒಂದು ದ್ವೀಪ, ಸುತ್ತಲೂ ಕಾಡು. ಜ್ವರ ಬಂತು, ಔಷಧಿ ಇರಲಿಲ್ಲ. ಮೂರು ದಿನ ಮಲಗಿದ್ದರು. ಕೊನೆಯ ದಿನ ಸಂಜೆ ನೀರು ಕೇಳಿದರು, ಪಕ್ಕದವನು ತೆಂಗಿನ ಚಿಪ್ಪಿನಲ್ಲಿ ತಂದು ಕುಡಿಸಿದ, ಕುಡಿದರು. ನೋವು ಪಡಲಿಲ್ಲ. ಅವನೇ ಕಣ್ಣು ಮುಚ್ಚಿಸಿ, ಸಮುದ್ರ ಕಾಣುವ ದಿಣ್ಣೆಯ ಮೇಲೆ ಮಣ್ಣು ಮಾಡಿದ. ಪುಟ್ಟಿ, ಇದರಲ್ಲಿ ಒಂದು ಮಾತೂ ನನಗೆ ಯಾರೂ ಹೇಳಿದ್ದಲ್ಲ. ಆದರೆ ಹೇಳುತ್ತಿದ್ದಾಗ ಒಂದೊಂದೂ ನನ್ನ ಕಣ್ಣಿಗೆ ಕಟ್ಟಿತು. ಈ ಹನ್ನೆರಡು ವರ್ಷದಲ್ಲಿ ನಿಮ್ಮಣ್ಣ ಬಾಗಿಲಿಗೆ ಬಂದು ನಿಂತದ್ದನ್ನು ಸಾವಿರ ರೀತಿಯಲ್ಲಿ ಕಂಡಿದ್ದೇನೆ. ಮಲಗಿದ್ದನ್ನು ಕಂಡದ್ದು ಅದೇ ಮೊದಲು.

ಶರಣವ್ವ ಅತ್ತಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸು ಬಾಗಿಲಿಗೆ ಬಂದು, ಏನು ಎಂದು ಕಣ್ಣಲ್ಲೇ ಕೇಳಿ ಹಿಂದೆ ಸರಿದಳು. ಆಗ ಅಂಬವ್ವನೂ ಒಡೆದುಹೋದಳು. ಸೊಸೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ನನ್ನಪ್ಪಾ ಮುರಿಗೆಪ್ಪಾ, ನೀರು ಕುಡದು ಹೋದ್ಯೇನೋ" ಎಂದು ಹಾಡಿಕೊಂಡು ಅತ್ತಳು. ಆಮೇಲೆ ಕೊರಳಿನ ಲಿಂಗವನ್ನು ತೆಗೆದು ಕಣ್ಣಿಗೆ ಒತ್ತಿಕೊಂಡಳು. ನಾನು ಅಳಲಿಲ್ಲ. ಅಳುವ ಹಕ್ಕು ಅವರದು ಎಂದು ಒಲೆಯ ಕಡೆ ಮುಖ ಮಾಡಿ ಕೂತೆ.

ಬಹಳ ಹೊತ್ತಾದ ಮೇಲೆ ಶರಣವ್ವ ಎದ್ದು ಕೂತು, ತಾನೇ ತಾಳಿಯನ್ನು ಬಿಚ್ಚಿ ಅತ್ತೆಯ ಕೈಯಲ್ಲಿಟ್ಟಳು. ಬಲವಂತವಿಲ್ಲ, ಗದ್ದಲವಿಲ್ಲ. ನೀವು ಹೇಳಿದ ಹಾಗೆ ಆಗಲಿ ಎಂದಳು. ಮುಖ ತೊಳೆದುಕೊಂಡು ಬಂದು ಎರಡು ರೊಟ್ಟಿ ತಿಂದಳು. ನನಗೂ ಬಡಿಸಿದಳು. ಹಸಿದಿದ್ದಳು ಪಾಪ.

ಹೊರಡುವಾಗ ಶರಣವ್ವ ಮೊದಲು ಮೆಟ್ಟಿಲಿಳಿದಳು. ಅಂಬವ್ವ ಬಾಗಿಲಲ್ಲಿ ನಿಂತು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಅಂಗೈ ಕೊರಡಿನ ಹಾಗೆ ಒರಟಾಗಿತ್ತು.

"ನನ್ನ ಮಗನ ಕೂದಲ ಗುಂಗುರು ಇರಲಿಲ್ರೀ" ಎಂದಳು. "ಹಲ್ಲು ಮುತ್ತಿನಂಗಿದ್ವು. ನೀವು ಹೇಳಿದಾಂವ ನಿಮಗ ಏನಾಗಬೇಕ್ರೀ?"

ನಾನು ಉತ್ತರ ಕೊಡಲಿಲ್ಲ. ಕೆಳಗಿನಿಂದ ದಾನಪ್ಪ ಲೋಕಲ್ ಬರುವ ಹೊತ್ತಾಯಿತು ಎಂದು ಕೂಗಿದ. ಅವಳು ಇಳಿದು ಹೋದಳು. ಮೂವರೂ ಸ್ಟೇಷನ್ನಿನ ಕಡೆ ನಡೆದರು. ಅಂಬವ್ವ ಮುಂದೆ, ಶರಣವ್ವ ನಡುವೆ, ದಾನಪ್ಪ ಗಂಟು ಹೊತ್ತು ನಾಲ್ಕು ಹೆಜ್ಜೆ ಹಿಂದೆ. ಅವನು ಅವಳ ಕಡೆ ಒಮ್ಮೆಯೂ ಮುಖವೆತ್ತಿ ನೋಡಲಿಲ್ಲ. ಒಳ್ಳೆಯವನು ಎಂದುಕೊಂಡೆ.

ಆಮೇಲೆ ನಲ್ಲಿಯಲ್ಲಿ ನೀರು ಬರುವ ತನಕ ಕಾದು, ಸಾವಿನ ಸುದ್ದಿ ಕೇಳಿದವರು ಮಾಡುವ ಹಾಗೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡೆ. ಮುರಿಗೆಪ್ಪ ನನಗೆ ದಾಯಾದಿಯೂ ಅಲ್ಲ, ನೆಂಟನೂ ಅಲ್ಲ. ಯಾರಿಗಾಗಿ ಸ್ನಾನ ಮಾಡಿದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಭಾವನವರು ಗೊತ್ತು ಮಾಡಿದ ದಿನವೇ ಆಗಲಿ. ನಾನು ಬರುತ್ತೇನೆ. ಒಂದೆರಡು ಮಾತನ್ನು ಮಾತ್ರ ನೀನೇ ಮುಂದಾಗಿ ಅವರಿಗೆ ತಿಳಿಸಬೇಕು. ಹತ್ತನೆಯ ದಿನ ನಾಲ್ಕು ಜನ ಮುದುಕಿಯರು ಕೂಡಿ ನನ್ನ ಕೈ ಹಿಡಿದು ಬಳೆ ಒಡೆಯುವುದು ಬೇಡ. ಅವನ್ನು ಇಲ್ಲಿಯೇ ನಾನೇ ತೆಗೆದು ಬರುತ್ತೇನೆ. ತಲೆಗೂದಲು ತೆಗೆಸುವ ಮಾತು ಯಾರೂ ಎತ್ತಕೂಡದು. ಕರ್ಮ ಮುಗಿದ ಮೇಲೆ ಅಲ್ಲೇ ಇದ್ದುಬಿಡು ಎಂದು ಭಾವ ಹೇಳಿದರೆ ನೀನು ನನ್ನ ಪರವಾಗಿ ನಿಲ್ಲು. ನನಗೆ ರಜೆ ಸಿಗುವುದು ಸ್ವಲ್ಪ ದಿನಕ್ಕೆ ಮಾತ್ರ, ನಾನು ಇಲ್ಲಿಗೆ ವಾಪಸು ಬರಬೇಕು. ಇಲ್ಲಿನ ಚಾಳಿನವರಿಗೆ ಏನು ಹೇಳುವುದು ಎಂದು ಇನ್ನೂ ತಿಳಿದಿಲ್ಲ. ನಿಜವನ್ನೇ ಹೇಳುತ್ತೇನೆ ಅಂದುಕೊಂಡಿದ್ದೇನೆ.

ನೀನು ಅಳಬೇಡ ಎಂದು ಬರೆಯುವುದಿಲ್ಲ. ಅವರು ನಿನ್ನನ್ನು ಹೆಗಲ ಮೇಲೆ ಹೊತ್ತು ಕುಕ್ಕರಹಳ್ಳಿ ಕೆರೆ ತೋರಿಸಿದ ಅಣ್ಣ. ಅತ್ತು ಮುಗಿಸು. ನಾನು ಬಂದಾಗ ಇಬ್ಬರೂ ಸೇರಿ ಇನ್ನಷ್ಟು ಅಳೋಣ.

ನಿನ್ನ ಅತ್ತಿಗೆ,
ಸರಸ್ವತಿ

ಮತ್ತೊಂದು ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲು ಕಾಗದವನ್ನು ಹೊರಗೆ ತೆಗೆದೆ. ಅಂಬವ್ವನಿಗೆ ಉತ್ತರ ಕೊಡಲಿಲ್ಲ ಎಂದು ಬರೆದದ್ದು ನಿಜವಲ್ಲ, ಪುಟ್ಟಿ. ಕೊಟ್ಟೆ. ಈ ಮಾತನ್ನು ನಾನು ಮೊದಲು ನಿನ್ನ ಹತ್ತಿರ ಆಡಬೇಕಿತ್ತು, ಯಾರೋ ಪರವೂರಿನ ಹೆಂಗಸಿನ ಹತ್ತಿರ ಆಡಿಬಿಟ್ಟೆ, ನೊಂದುಕೊಳ್ಳಬೇಡ. "ನನ್ನ ಯಜಮಾನರು. ತೀರಿಕೊಂಡರು" ಎಂದೆ. ಅವಳು ನನ್ನ ಹಣೆ ನೋಡಿ, "ಯಾವಾಗ್ರೀ?" ಎಂದಳು. "ಈಗ" ಎಂದೆ.